ಎಂಬತ್ತೊಂದನೆಯ ನಿಮಿಷ

ಕರಡಚ್ಚಿನ ಹದಿನೇಳನೆಯ ಪುಟದಲ್ಲಿ ಒಂದು ತಪ್ಪಿದೆಯೆಂದು ಅವಳಿಗೆ ಬೆಳಿಗ್ಗೆ ಹತ್ತೂಕಾಲಿಗೇ ಗೊತ್ತಿತ್ತು. ನಿಜ ಹೇಳಬೇಕೆಂದರೆ ಇಪ್ಪತ್ತೆರಡು ವರ್ಷದಿಂದ ಗೊತ್ತಿತ್ತು. ಆದರೂ ಹನ್ನೊಂದೂವರೆಯವರೆಗೆ ಅವಳು ಉಳಿದ ತಪ್ಪುಗಳನ್ನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದಳು. ಮೂರನೆಯ ಪುಟದಲ್ಲಿ ಅಧ್ಯಕ್ಷರ ಫೋಟೋದ ಅಡಿಯಲ್ಲಿ ಉಪಾಧ್ಯಕ್ಷರ ಹೆಸರು ಬಿದ್ದಿತ್ತು. ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕುವಾಗ ಅವಳಿಗೆ ಸಣ್ಣ ಖುಷಿಯೂ ಆಯಿತು. ಒಂಬತ್ತರಲ್ಲಿ ಅಲ್ಪವಿರಾಮ ಎರಡು ಸಲ ಬಂದಿತ್ತು. ಹನ್ನೆರಡರಲ್ಲಿ ಗೋಲ್‌ಕೀಪರ್ ಹುಡುಗಿಯ ಎತ್ತರ ಐದೂವರೆ ಅಡಿಯ ಬದಲು ಐವತ್ತೈದು ಅಡಿಯಾಗಿತ್ತು. ಹಾಗೇ ಬಿಟ್ಟರೆ ಎದುರಾಳಿಗಳು ಹೆದರಿ ಓಡಿಯಾರು ಎಂದುಕೊಂಡು, ನಕ್ಕು, ತಿದ್ದಿದಳು. ಹದಿನಾರರ ನಂತರ ಹದಿನೆಂಟನ್ನು ಓದಿದಳು. ಫುಟ್‌ಬಾಲ್ ಫೆಡರೇಷನ್ ಕಚೇರಿಯ ದಾಖಲೆ ವಿಭಾಗ ಎಂದರೆ ಅವಳೊಬ್ಬಳೇ, ಜೊತೆಗೆ ನಾಲ್ಕು ಕಬ್ಬಿಣದ ಕಪಾಟು ಮತ್ತು ತಿರುಗಿದರೆ ಕಿರುಗುಟ್ಟುವ ಒಂದು ಫ್ಯಾನು. ಒಬ್ಬಳೇ ಇರುವ ವಿಭಾಗದಲ್ಲಿ ಒಂದು ಪುಟ ಬಿಟ್ಟು ಓದಿದರೆ ಕೇಳುವವರು ಯಾರೂ ಇರುವುದಿಲ್ಲ. ಮೂರು ಗಂಟೆಗೆ ಕರಡು ಪ್ರೆಸ್ಸಿಗೆ ಹೋಗಬೇಕು, ನಾಳೆ ಸಂಜೆ ತಂಡದ ಪರಿಚಯ ಪುಸ್ತಕ ಬರಬೇಕು, ನಾಡಿದ್ದು ಬೆಳಿಗ್ಗೆ ಹದಿನೇಳರ ಒಳಗಿನ ಹುಡುಗಿಯರ ತಂಡ ಟೂರ್ನಿಗೆ ಹೊರಡುವಾಗ ಒಬ್ಬೊಬ್ಬಳ ಚೀಲದಲ್ಲೂ ಒಂದೊಂದು ಪ್ರತಿ ಇರಬೇಕು. ತಂಡದ ಮ್ಯಾನೇಜರಾಗಿ ಅವಳೂ ಹೊರಡುವವಳು.

ಆ ಪುಟದಲ್ಲಿ ತಂಡದ ಪೂರ್ತಿ ಟೂರ್ನಿ ಚರಿತ್ರೆಯಿತ್ತು. ಚರಿತ್ರೆ ಎನ್ನುವುದಕ್ಕೆ ನಾಚಿಕೆಯಾಗುವಷ್ಟು ಚಿಕ್ಕದು. ಮೇಲಿನ ಸಾಲುಗಳಲ್ಲಿ ‘ಭಾಗವಹಿಸಲಿಲ್ಲ’, ‘ಭಾಗವಹಿಸಲಿಲ್ಲ’. ಆಮೇಲೆ ಒಂದೇ ಒಂದು ಸಾಲಿನಲ್ಲಿ ಅಂಕಿಗಳು: ಆಡಿದ್ದು ಮೂರು, ಗೆದ್ದದ್ದು ಒಂದು, ಸಮ ಒಂದು, ಸೋತದ್ದು ಒಂದು, ಹೊಡೆದ ಗೋಲು ಎರಡು, ಬಿಟ್ಟುಕೊಟ್ಟದ್ದು ಎರಡು. ಅದರ ಕೆಳಗೆ ಎರಡು ವರ್ಷಕ್ಕೊಮ್ಮೆಯಂತೆ ಹತ್ತು ಸಲ ‘ಅರ್ಹತೆ ಗಳಿಸಲಿಲ್ಲ’. ಹತ್ತನೆಯದರ ಕೆಳಗೆ ಈ ಸಲದ ಸಾಲು, ಖಾಲಿ. ಪಟ್ಟಿಯ ಪಕ್ಕದಲ್ಲಿ ಆ ಹಳೆಯ ಮೂರನೆಯ ಪಂದ್ಯದ ಬಗ್ಗೆ ಚೌಕಟ್ಟಿನಲ್ಲಿ ನಾಲ್ಕು ಸಾಲು: ಸಮ ಮಾಡಿಕೊಂಡಿದ್ದರೂ ತಂಡ ಮುಂದಿನ ಸುತ್ತಿಗೆ ಹೋಗುತ್ತಿತ್ತು, ಎಂಬತ್ತೊಂದನೆಯ ನಿಮಿಷದಲ್ಲಿ ನಾಲ್ಕನೇ ನಂಬರಿನ ಆಟಗಾರ್ತಿ ಚೆಂಡನ್ನು ತನ್ನದೇ ಬಲೆಗೆ ಹೊಡೆದಳು. ನಂಬರಿನ ಪಕ್ಕದಲ್ಲಿ ಹೆಸರು. ಆ ಹೆಸರನ್ನು ಹೋದ ವಾರ ಟೈಪ್ ಮಾಡಿದವಳು ಅವಳೇ. ಹಳೆಯ ವರದಿಯನ್ನು ಎಡಗಡೆ ಇಟ್ಟುಕೊಂಡು ಅಕ್ಷರಕ್ಕಕ್ಷರ ನೋಡಿ ಹೊಡೆದಿದ್ದಳು. ಬೆರಳುಗಳು ಎಲ್ಲಾದರೂ ತಡೆದವೇ ಎಂದು ಈಗ ನೆನಪಿಸಿಕೊಂಡರೆ, ಇಲ್ಲ, ಸಲೀಸಾಗಿ ಹೋಗಿದ್ದವು. ಅದೇ ಈಗ ಅವಳನ್ನು ಹೆದರಿಸಿದ್ದು. ಸುಳ್ಳು ಹೇಳುವಾಗ ಒಂದಿಷ್ಟು ಎದೆ ಹೊಡೆದುಕೊಂಡರೆ ಮನುಷ್ಯ ಇನ್ನೂ ಉಳಿದಿದ್ದಾನೆ ಎಂದಾದರೂ ಸಮಾಧಾನ ಮಾಡಿಕೊಳ್ಳಬಹುದು.

ಆ ಹೆಸರಿನವಳನ್ನು ತಂಡದಲ್ಲಿ ಯಾರೂ ಹೆಸರಿನಿಂದ ಕರೆಯುತ್ತಿರಲಿಲ್ಲ. ಅವಳು ಏಣಿ. ಕರಡು ತಿದ್ದುತ್ತಿರುವ ಇವಳು ಕುಳ್ಳಿ. ಹದಿನಾರು ವರ್ಷಕ್ಕೇ ಏಣಿ ಬಾಗಿಲಿನ ಚೌಕಟ್ಟಿಗೆ ತಲೆ ತಗುಲಿಸಿಕೊಳ್ಳುವಷ್ಟು ಬೆಳೆದಿದ್ದಳು. ಕುಳ್ಳಿ ಅವಳ ಕಂಕುಳಿನ ಕೆಳಗೆ ನಿಂತು ಬಿಸಿಲಿಗೆ ನೆರಳು ಸಿಕ್ಕಿತು ಎಂದು ತಮಾಷೆ ಮಾಡುತ್ತಿದ್ದಳು. ಏಣಿ ಗೋಲಿನ ಮುಂದೆ ನಡುವನ್ನು ಕಾಯುವ ಸ್ಟಾಪರ್, ನಂಬರ್ ನಾಲ್ಕು. ಕುಳ್ಳಿ ಎಡಬದಿ ಕಾಯುವ ಲೆಫ್ಟ್ ಬ್ಯಾಕ್, ನಂಬರ್ ಮೂರು. ಮೊದಲೆರಡು ಪಂದ್ಯ ಆಡಿದ್ದು ಬಿಳಿ ಜೆರ್ಸಿಯಲ್ಲಿ. ಅವು ಅಳತೆ ತೆಗೆದು ಹೊಲಿಸಿದವು. ಮೂರನೆಯ ಪಂದ್ಯದ ಎದುರಾಳಿಗಳದ್ದೂ ಬಿಳಿಯೇ ಆದ್ದರಿಂದ ನೀಲಿ ಸೆಟ್ಟು ತೆಗೆದರು. ಅದು ಗಂಡಸರ ತಂಡ ಹಾಕಿ ಬಿಟ್ಟದ್ದು. ನಂಬರಿನ ಪಟ್ಟಿ ಮೊದಲೇ ಟೂರ್ನಿಯವರಿಗೆ ಹೋಗಿತ್ತು, ಜೆರ್ಸಿ ಮಾತ್ರ ಪಟ್ಟಿಯನ್ನು ಕೇಳಿ ಬಂದಿರಲಿಲ್ಲ. ಮೂರನೇ ನಂಬರು ಕುಳ್ಳಿಯ ಮೊಣಕಾಲು ದಾಟಿ ಇಳಿಯಿತು. ನಾಲ್ಕನೇ ನಂಬರು ಏಣಿಗೆ ಹೊಕ್ಕುಳಿನವರೆಗೂ ಬರಲಿಲ್ಲ. ಮೊದಲರ್ಧವಿಡೀ ಏಣಿ ಹೆಡ್ ಮಾಡಲು ಎದ್ದಾಗಲೆಲ್ಲ ಅಂಗಿ ಮೇಲೇರಿ ಹೊಟ್ಟೆ ಕಾಣುತ್ತಿತ್ತು, ಗ್ಯಾಲರಿಯ ಒಂದು ಮೂಲೆಯಿಂದ ಸೀಟಿ ಬರುತ್ತಿತ್ತು. ಅರ್ಧ ಗಂಟೆಯಾಗುವಷ್ಟರಲ್ಲಿ ಏಣಿ ಹಾರುವುದನ್ನೇ ಬಿಟ್ಟಳು. ಎರಡು ಕೈಯಲ್ಲೂ ಅಂಗಿಯ ಅಂಚು ಹಿಡಿದುಕೊಂಡು ಓಡುವ ಸ್ಟಾಪರ್‌ನಿಂದ ಯಾವ ತಂಡ ಉಳಿದೀತು? ವಿರಾಮದಲ್ಲಿ ಕೋಚು ಹಲಗೆಯ ಮೇಲೆ ಬಾಣ ಬರೆಯುತ್ತಿದ್ದಾಗ ಇವರಿಬ್ಬರೂ ಶೌಚಾಲಯಕ್ಕೆಂದು ಎದ್ದರು. “ಬಿಚ್ಚು,” ಎಂದವಳು ಕುಳ್ಳಿ. “ನಂದು ನೀ ಹಾಕ್ಕೋ, ನಿಂದು ನಾ ಹಾಕ್ಕೋತೀನಿ. ಬೆನ್ನು ನೋಡ್ಕೊಂಡು ಯಾರು ಕೂತಿರ್ತಾರೆ?” ಒಬ್ಬಳು ಕೂತಿದ್ದಳು, ಕೈಯಲ್ಲಿ ಸೀಟಿ, ಜೇಬಿನಲ್ಲಿ ಪುಟ್ಟ ಪುಸ್ತಕ. ಆ ರೆಫರಿ ಎಂಬತ್ತೊಂದನೆಯ ನಿಮಿಷದಲ್ಲಿ ಬೆನ್ನು ನೋಡಿ ‘ನಾಲ್ಕು’ ಎಂದು ಬರೆದುಕೊಂಡಳು.

ಚೆಂಡು ಬಂದ ಬಗೆ ಕುಳ್ಳಿಗೆ ಎಂದೂ ಸರಿಯಾಗಿ ನೆನಪಾಗುವುದಿಲ್ಲ. ನೆನಪು ಅಲ್ಲಿಯವರೆಗೆ ಓಡಿ ಬಂದು ಒಮ್ಮೆಗೇ ಪಕ್ಕಕ್ಕೆ ಸರಿದು, ಗೋಲಾದ ನಂತರಕ್ಕೆ ಹೋಗಿ ನಿಲ್ಲುತ್ತದೆ. ಬಲೆಯ ಗಂಟಿಗೆ ಸಿಕ್ಕಿ ಚೆಂಡು ಅಲ್ಲಾಡದೆ ನಿಂತದ್ದು, ಹುಲ್ಲಿನ ಮೇಲೆ ತಾನು ಮಂಡಿಯೂರಿದ್ದು, ಬೆನ್ನ ಮೇಲೆ ಒಂದು ದೊಡ್ಡ ಅಂಗೈ ಬಂದು ಕೂತದ್ದು. ಏಣಿಯ ಕೈ. “ಏಳೇ. ಇನ್ನೂ ಒಂಬತ್ತು ನಿಮಿಷ ಇದೆ,” ಎಂದಿದ್ದಳು. ಆಟ ಮುಗಿದು ಬಸ್ಸಿನಲ್ಲಿ ಕೂತ ಮೇಲೆ ಕೋಚಿಗೆ ವಿಷಯ ತಿಳಿಯಿತು. ಅವರು ಬೆಳ್ಳಗಾದರು. ನಂಬರು ಬದಲಿಸಿ ಆಡಿದ್ದು ಹೊರಗೆ ಬಂದರೆ ಇಡೀ ತಂಡಕ್ಕೆ ನಿಷೇಧ, ಗೆದ್ದ ಪಂದ್ಯಕ್ಕೂ ಕುತ್ತು ಬರಬಹುದು, ನೀವಿಬ್ಬರೂ, ಕಂಡ ಉಳಿದವರೂ ಬಾಯಿಗೆ ಬೀಗ ಹಾಕ್ಕೊಂಡಿರಿ ಎಂದರು. ಏಣಿ ಕಿಟಕಿಯ ಕಡೆ ತಿರುಗಿ ಹೂಂ ಎಂದಳು. ಕುಳ್ಳಿಯೂ ಹೂಂ ಎಂದಳು. ಮೊದಲ ವರ್ಷ ಅದು ಹೆದರಿಕೆಯ ಹೂಂ. ಮುಂದಿನ ಆಯ್ಕೆಯಲ್ಲಿ ಏಣಿಯ ಹೆಸರು ಬಿಟ್ಟುಹೋಯಿತು, ಕುಳ್ಳಿಯ ಹೆಸರು ಉಳಿಯಿತು. ಆಯ್ಕೆ ಸಮಿತಿಯವರ ಎದುರು ಇದ್ದದ್ದು ಅದೇ ವರದಿ. ಅಲ್ಲಿಂದ ಮುಂದೆ ಆ ಹೂಂಗೆ ಏನು ಹೆಸರು ಕೊಡಬೇಕೋ ಅವಳಿಗೆ ಗೊತ್ತಿತ್ತು, ಕೊಟ್ಟುಕೊಳ್ಳಲಿಲ್ಲ. ಆರು ವರ್ಷ ದೊಡ್ಡವರ ತಂಡದಲ್ಲಿ ಆಡಿದಳು. ಆಟಗಾರರ ಮೀಸಲಿನಲ್ಲಿ ಈ ಕುರ್ಚಿ ಸಿಕ್ಕಿತು. ಆ ವರದಿಯ ಕಪಾಟಿನ ಬೀಗದ ಕೈ ಅವಳ ಕೈಗೇ ಬಂತು.

ಎಂಟು ವರ್ಷದ ಕೆಳಗೆ ಹಳೆಯ ಗೋಲ್‌ಕೀಪರಿನ ಮದುವೆಯಲ್ಲಿ ಇಬ್ಬರೂ ಸಿಕ್ಕಿದ್ದರು. ಊಟದ ಸಾಲಿನಲ್ಲಿ ಏಣಿಯ ಪಕ್ಕದಲ್ಲಿ ಅವಳ ಅತ್ತೆ. ಆಯಮ್ಮ ಬಾಯಿತುಂಬ ನಗುವವರು, ಮಾತಿಗೆ ಬಡತನವಿಲ್ಲದವರು. “ನಮ್ಮ ಸೊಸೆ ಏನು ಕಮ್ಮಿಯಲ್ಲ, ದೇಶಕ್ಕೇ ಗೋಲ್ ಹೊಡೆದವಳು! ಮನೇಲೂ ಹಾಗೇ, ಒಲೆ ಮೇಲೆ ಹಾಲಿಟ್ಟು ಈ ಕಡೆ ತಿರುಗಿದ್ಲು ಅಂದ್ರೆ ನಮ್ಮ ಕಡೆಗೇ ಗೋಲು!” ಎಂದರು. ಸಾಲಿಗೆ ಸಾಲೇ ನಕ್ಕಿತು. ಕುಳ್ಳಿಯೂ ನಕ್ಕಳು. ನಗದಿದ್ದರೆ ಯಾರಿಗಾದರೂ ಅನುಮಾನ ಬಂದೀತು ಎಂದು ಅಲ್ಲ, ಅಂಥ ಲೆಕ್ಕಾಚಾರಕ್ಕೆಲ್ಲ ಹೊತ್ತಿರಲಿಲ್ಲ. ಎಲ್ಲರೂ ನಕ್ಕರು, ನಗು ಬಂತು. ಏಣಿ ಅವಳತ್ತ ಒಂದೇ ಒಂದು ಸಲ ನೋಡಿದಳು. ಕೋಪದಿಂದ ನೋಡಿದ್ದರೆ ಎಷ್ಟೋ ವಾಸಿಯಿತ್ತು. ಇವಳ ಲೋಟ ಖಾಲಿಯಾಗಿದ್ದನ್ನು ಕಂಡು ಜಗ್ಗು ಎತ್ತಿ ನೀರು ಬಗ್ಗಿಸಿದಳು. ಕುಡಿದ ಆ ನೀರು ಕುಳ್ಳಿಯ ಗಂಟಲಲ್ಲಿ ಇವತ್ತಿಗೂ ಇಳಿಯದೆ ನಿಂತಿದೆ.

ಹನ್ನೆರಡಕ್ಕೆ ಅವಳು ಫೋನು ಕೈಗೆತ್ತಿಕೊಂಡಳು. ಏಣಿಯ ನಂಬರನ್ನು ಆ ಮದುವೆಯಲ್ಲೇ ಬರೆದುಕೊಂಡಿದ್ದಳು, ಒಂದು ಸಲವೂ ಒತ್ತಿರಲಿಲ್ಲ. ಏಣಿ ಈಗ ಡ್ರೈವಿಂಗ್ ಶಾಲೆಯಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಾಳೆಂದು ಕೇಳಿ ಬಲ್ಲಳು. ಎರಡನೆಯ ರಿಂಗಿಗೇ ಏಣಿ ಫೋನು ಎತ್ತಿದಳು. ಹಿಂದೆ ಎಂಜಿನ್ನಿನ ಸದ್ದು, ಯಾರೋ ಉಸಿರುಗಟ್ಟಿದ ಹಾಗೆ ಏನೋ ಕೇಳುತ್ತಿದ್ದರು.

“ಯಾರು? ... ಕುಳ್ಳಿನಾ? ಒಂದ್ನಿಮಿಷ ಇರು. ಕ್ಲಚ್ ಬಿಡಿ ಅಮ್ಮ, ಮೆಲ್ಲಗೆ, ಮೆಲ್ಲಗೆ! ಅದೇನು ಇರುವೆನಾ ತುಳಿಯೋಕೆ? ಆ ಮರದ ಹತ್ರ ನಿಲ್ಸಿ. ಬ್ರೇಕು. ಬ್ರೇಕು ಎಡಗಡೆದು, ಅಯ್ಯೋ, ಮಧ್ಯದ್ದು ಮಧ್ಯದ್ದು! ... ಹಾಂ, ಹೇಳು.”

ಕುಳ್ಳಿ ಹೇಳಿದಳು. ಪುಸ್ತಕ ಬರುತ್ತಿದೆ, ಹದಿನೇಳನೆಯ ಪುಟದಲ್ಲಿ ಹೀಗಿದೆ, ಮೂರಕ್ಕೆ ಪ್ರೆಸ್ಸಿಗೆ ಹೋಗುತ್ತದೆ, ತಿದ್ದಬೇಕೆಂದರೆ ತಾನು ಬರೆದು ಕೊಡಬೇಕು, ಕೊಟ್ಟರೆ ಜೆರ್ಸಿ ಬದಲಾಯಿಸಿದ ವಿಷಯವೂ ಹೊರಗೆ ಬರುತ್ತದೆ, ಅದರಲ್ಲಿ ಏಣಿಯ ಹೆಸರೂ ಇರುತ್ತದೆ, ಆದ್ದರಿಂದ ಒಂದು ಮಾತು ಕೇಳೋಣ ಎಂದು. ಹೇಳುತ್ತ ಹೇಳುತ್ತ ತನ್ನ ದನಿ ಕಚೇರಿಯ ಸುತ್ತೋಲೆಯ ಹಾಗೆ ಆಗುತ್ತಿರುವುದು ಅವಳಿಗೇ ಕೇಳಿಸಿತು.

ಆ ಕಡೆ ಎಂಜಿನ್ ಆಫ್ ಆಯಿತು.

“ನನ್ನ ಯಾಕೆ ಕೇಳ್ತಿದ್ದೀಯ?” ಎಂದಳು ಏಣಿ.

“ನಿನ್ನ ಹೆಸರಲ್ವಾ.”

“ಇಪ್ಪತ್ತೆರಡು ವರ್ಷ ನನ್ನ ಹೆಸರೇ ಇತ್ತಲ್ಲ. ಆಗ ಕೇಳಿದ್ಯಾ?” ದನಿಯಲ್ಲಿ ಜಗಳವಿರಲಿಲ್ಲ, ಕಲಿಯುವವರಿಗೆ ಗೇರು ಹೇಳಿಕೊಡುವ ಹಾಗೆ ಒಂದೊಂದೇ ಮಾತು. “ನೋಡು ಕುಳ್ಳಿ, ನೀ ಫೋನ್ ಮಾಡಿದ್ದು ಯಾಕೆ ಅಂತ ಹೇಳ್ಲಾ? ಹೋಗ್ಲಿ ಬಿಡೇ, ಹಳೇ ಮಾತು ಈಗ್ಯಾಕೆ ಅಂತ ನಾ ಹೇಳ್ಬೇಕು ನಿಂಗೆ. ಹೇಳಿದ್ರೆ ನೀ ಅತ್ತು, ಕಣ್ಣು ಒರೆಸ್ಕೊಂಡು, ಹಾಗೇ ಪ್ರಿಂಟಿಗೆ ಕಳಿಸ್ತೀಯ. ನಾ ಹೇಳಲ್ಲ. ಬರಿ ಅಂತಾನೂ ಹೇಳಲ್ಲ. ನಿನ್ನ ಕಾಲು, ನಿನ್ನ ಗೋಲು, ನೀ ನೋಡ್ಕೋ.”

“ಏಣಿ...”

“ನಂಗೆ ಸಿಟ್ಟಿಲ್ಲ ಅಂತ ಅಂದ್ಕೋಬೇಡ. ಇದೆ. ಗೋಲಿಗಲ್ಲ. ಆ ಮದುವೆಲಿ ನಕ್ಕಿದ್ಯಲ್ಲ, ಅದಕ್ಕೆ.” ಆಮೇಲೆ, “ಬರೆದ್ರೆ ಎರಡು ಪುಸ್ತಕ ಕಳ್ಸು. ಒಂದು ನಮ್ಮತ್ತೆಗೆ. ಈಗ ಕಣ್ಣು ಮಂಜು, ನಾನೇ ಓದಿ ಹೇಳ್ತೀನಿ,” ಎಂದಳು. “ಹಾಂ ಅಮ್ಮ, ಸ್ಟಾರ್ಟ್ ಮಾಡಿ. ಕನ್ನಡಿ ನೋಡಿದ್ರಾ?” ಫೋನು ನಿಂತಿತು.

ಕುಳ್ಳಿ ಬಹಳ ಹೊತ್ತು ಮೇಜಿನ ಅಂಚು ಹಿಡಿದು ಕೂತಳು. ತಾನು ಏನನ್ನು ಬಯಸಿ ಫೋನ್ ಮಾಡಿದ್ದಳೋ ಅದನ್ನು ಏಣಿ ತನ್ನ ಮುಂದೆಯೇ ಬಿಚ್ಚಿಟ್ಟಿದ್ದಳು, ಅದೂ ಯಾರೋ ಅಪರಿಚಿತ ಹೆಂಗಸು ಪಕ್ಕದಲ್ಲಿ ಸ್ಟೇರಿಂಗು ಹಿಡಿದು ಕೇಳುತ್ತಿರುವಾಗ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಬೆಳಿಗ್ಗೆ ಗಂಡ ಮ್ಯಾನೇಜರಿನ ಕೋಟಿಗೆ ಇಸ್ತ್ರಿ ಹಾಕುತ್ತ, “ಇದನ್ನ ಹಾಕ್ಕೊಂಡು ನಿಂತ್ರೆ ನಂಗೇ ಸಲ್ಯೂಟ್ ಹೊಡೀಬೇಕು ಅನ್ಸುತ್ತೆ,” ಎಂದಿದ್ದ. ಅವನಿಗೂ ಗೊತ್ತಿಲ್ಲ. ಹದಿನಾಲ್ಕು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಮನುಷ್ಯನಿಗೆ ಹೇಳದ್ದನ್ನು ಪ್ರೆಸ್ಸಿನವರಿಗೆ ಹೇಳುವುದು ಹೇಗೆ? ಹೇಳಿ ತಾನು ಕಳೆದುಕೊಳ್ಳುವುದು ಕೋಟನ್ನು ಮಾತ್ರವಲ್ಲ ಎನ್ನುವುದೂ ಅವಳಿಗೆ ಗೊತ್ತಿತ್ತು. ಎರಡು ವರ್ಷ ಈ ಹುಡುಗಿಯರ ಜೊತೆ ಅವಳು ಓಡಾಡಿದ್ದಳು. ಅವರ ವಯಸ್ಸಿನ ದಾಖಲೆಗೆ ಶಾಲೆಯಿಂದ ಶಾಲೆಗೆ ಅಲೆದಿದ್ದಳು, ಬೂಟಿಲ್ಲದವಳಿಗೆ ಬೂಟು ಕೊಡಿಸಲು ಮೂರು ಕಚೇರಿಗಳಲ್ಲಿ ಕಾಲು ಸವೆಸಿದ್ದಳು, ಹಠ ಹಿಡಿದ ಅಪ್ಪಂದಿರ ಮನೆಯ ಜಗುಲಿಯಲ್ಲಿ ಕೂತು ಕಾಡಿ ಒಪ್ಪಿಸಿದ್ದಳು. ಅರ್ಹತಾ ಪಂದ್ಯದ ಕೊನೆಯ ಸೀಟಿ ಊದಿದಾಗ ಅವರು ಓಡಿ ಬಂದು ಮೊದಲು ತಬ್ಬಿಕೊಂಡದ್ದು ಅವಳನ್ನು. ನಾಡಿದ್ದು ವಿಮಾನದಲ್ಲಿ ಅವಳಿಲ್ಲದೆ ಅವರು ಹೊರಡಬೇಕಾಗುತ್ತದೆ. ಇಷ್ಟೆಲ್ಲ ಮಾಡಿದ್ದಕ್ಕೆ ಹಳೆಯದೊಂದು ತಪ್ಪು ವಜಾ ಆಗುವುದಿಲ್ಲವೇ ಎಂದು ಮನಸ್ಸು ಮೆತ್ತಗೆ ಕೇಳಿತು. ಆಗುವುದಿಲ್ಲ ಎಂದು ಅವಳೇ ಗಟ್ಟಿಯಾಗಿ ಹೇಳಿದಳು. ಖಾಲಿ ಕೋಣೆಯಲ್ಲಿ ತನ್ನ ದನಿ ಕೇಳಿ ಅವಳಿಗೇ ಬೆಚ್ಚಿದಂತಾಯಿತು. ಎದ್ದು, ಮೂರನೆಯ ಕಪಾಟು ತೆಗೆದು, ಹಳದಿ ಬಣ್ಣಕ್ಕೆ ತಿರುಗಿದ ವರದಿ ಎತ್ತಿಕೊಂಡು ಕಾರ್ಯದರ್ಶಿಯ ಕೋಣೆಗೆ ನಡೆದಳು.

ಕಾರ್ಯದರ್ಶಿ ಕೆಟ್ಟ ಮನುಷ್ಯನಲ್ಲ. ಚಹಾದಲ್ಲಿ ಬಿಸ್ಕತ್ತು ಅದ್ದಿ, ಅದು ಮುರಿದು ಬೀಳುವ ಮೊದಲು ಬಾಯಿಗೆ ಸೇರಿಸುವುದರಲ್ಲಿ ನಿಷ್ಣಾತರು. ಕೆಲಸದಲ್ಲೂ ಹಾಗೆ, ಯಾವುದನ್ನೂ ಮುರಿದು ಬೀಳುವ ಹಂತಕ್ಕೆ ಬಿಡುತ್ತಿರಲಿಲ್ಲ. ಅವಳು ನಿಂತುಕೊಂಡೇ ಹೇಳಿ ಮುಗಿಸುವವರೆಗೆ ಅವರು ಬಿಸ್ಕತ್ತು ಮುಟ್ಟಲಿಲ್ಲ. ಆಮೇಲೆ ಎದ್ದು ಬಾಗಿಲು ಮುಂದೆ ಮಾಡಿ ಬಂದರು.

“ಕೂತ್ಕೊಳ್ಳಿ ಮೇಡಂ. ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀರಾ?”

“ಅವಳಿಗೆ ಮೊದಲೇ ಗೊತ್ತು. ಜೊತೆಗೆ ಆಡಿದವರು ಯಾರೂ ಬಾಯಿ ಬಿಟ್ಟಿಲ್ಲ. ಕೋಚಿಗೆ ಗೊತ್ತಿತ್ತು, ಅವರು ತೀರಿಹೋಗಿ ಆರು ವರ್ಷ ಆಯ್ತು.”

“ಮತ್ತಿನ್ನೇನು! ಮುಗಿದ ಕಥೆ. ಕೆದಕಿದ್ರೆ ಕೈಗೆ ಮಸಿ ಬಿಟ್ರೆ ಏನ್ ಸಿಗುತ್ತೆ?” ಅವಳು ಹಳದಿ ವರದಿಯನ್ನು ಅವರ ಮುಂದಕ್ಕೆ ಸರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿದರು. “ನೋಡಿ, ನಾನು ಅಡ್ಡ ಬರಲ್ಲ. ಆದ್ರೆ ರೆಫರಿ ವರದಿ ಅಂದ್ರೆ ಅದೇ ವೇದವಾಕ್ಯ. ಅದನ್ನ ತಿದ್ಬೇಕಾದ್ರೆ ಆಡಿದವರೇ ಸಹಿ ಹಾಕಿ ಬರೆದುಕೊಡ್ಬೇಕು. ನೀವು ಬರೆದುಕೊಟ್ರಿ ಅಂತಿಟ್ಕೊಳ್ಳಿ, ಅದು ನಿಯಮ ಮುರಿದಿದ್ದಕ್ಕೆ ತಪ್ಪೊಪ್ಪಿಗೆ. ಶಿಸ್ತು ಸಮಿತಿಗೆ ಹೋಗುತ್ತೆ. ಸಮಿತಿ ಕೂರೋದು ಮುಂದಿನ ತಿಂಗಳು. ಅಲ್ಲಿವರೆಗೂ ನಿಮ್ಮನ್ನ ಮ್ಯಾನೇಜರ್ ಅಂತ ಕಳ್ಸೋದು ಹೇಗೆ? ನಂಗೆ ಮನಸ್ಸಿದ್ರೂ ಆಗಲ್ಲ.”

“ಗೊತ್ತು ಸರ್.”

“ಗೊತ್ತಿದ್ದೂ!” ಅವರು ಸ್ವಲ್ಪ ಹೊತ್ತು ಫ್ಯಾನಿನ ಕಡೆ ನೋಡಿ, ಮುಖ ಅರಳಿಸಿಕೊಂಡು ಮುಂದಕ್ಕೆ ಬಾಗಿದರು. “ಒಂದು ದಾರಿ ಇದೆ. ಹೆಸರನ್ನೇ ತೆಗೆದುಬಿಡಿ. ‘ಎಂಬತ್ತೊಂದನೇ ನಿಮಿಷದಲ್ಲಿ ಸೆಲ್ಫ್ ಗೋಲ್’, ಅಷ್ಟೇ. ನಂಬರೂ ಬೇಡ, ಹೆಸರೂ ಬೇಡ. ನಿಮ್ಮ ಫ್ರೆಂಡಿನ ಹೆಸರು ಪುಸ್ತಕದಿಂದ ಹೋಯ್ತು. ನೀವು ಸುಳ್ಳು ಬರೆದ ಹಾಗೂ ಆಗ್ಲಿಲ್ಲ. ನೀವು ಹುಡುಗೀರ ಜೊತೆ ಹೋಗಿ ಬನ್ನಿ. ಯಾರಿಗೂ ನೋವಿಲ್ಲ.”

ಅದು ಎಷ್ಟು ಒಳ್ಳೆಯ ದಾರಿಯೆಂದರೆ ಅವಳಿಗೆ ಕೂತಲ್ಲೇ ಮೈ ಹಗುರಾಯಿತು. ಹೆಸರು ತೆಗೆಯುವುದಕ್ಕೆ ಯಾರ ಸಹಿಯೂ ಬೇಡ, ಕೆಂಪು ಪೆನ್ನಿನ ಒಂದು ಗೆರೆ ಸಾಕು. ಅವಳು ಗೆರೆಯನ್ನು ಎಳೆದೂ ನೋಡಿದಳು, ಮನಸ್ಸಿನಲ್ಲೇ. ಹೆಸರು ಹೋಯಿತು. ಪುಟ ಚೊಕ್ಕಟವಾಯಿತು. ಆಮೇಲೆ ಆ ಪುಟವನ್ನು ಊಟದ ಸಾಲಿನಲ್ಲಿ ಕೂತ ಏಣಿಯ ಅತ್ತೆಗೆ ಕೊಟ್ಟಳು. ಆಯಮ್ಮ ಸೊಸೆಯ ಕೈಲಿ ಓದಿಸಿ ಕೇಳಿ, “ನೋಡಿದ್ರಾ, ಪಾಪ ಅಂತ ಹೆಸರು ಬಿಟ್ಟಿದ್ದಾರೆ,” ಎಂದು ನಕ್ಕರು. ಸಾಲಿಗೆ ಸಾಲೇ ನಕ್ಕಿತು. ಖಾಲಿ ಬಿಟ್ಟ ಜಾಗದಲ್ಲಿ ಜನ ಬರೆದುಕೊಳ್ಳುವುದು ತಮಗೆ ಗೊತ್ತಿರುವ ಹೆಸರನ್ನೇ. ಗೊತ್ತಿರುವುದು ಒಂದೇ ಹೆಸರು. ಹಾಗಾದರೆ ಈಗ ಮಾಡಹೊರಟದ್ದು ಹಿಂದಿನ ಹೂಂಗಿಂತಲೂ ಜಾಣತನದ ಇನ್ನೊಂದು ಹೂಂ. ಹಿಂದಿನದಕ್ಕೆ ಹದಿನಾರು ವರ್ಷ ವಯಸ್ಸಿನ ನೆಪವಾದರೂ ಇತ್ತು. ಇದಕ್ಕೆ ಮೂವತ್ತೆಂಟು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು, ಮತ್ತು ವಿಚಿತ್ರವೆಂದರೆ, ಅಸಹ್ಯದ ಹಿಂದೆಯೇ ಒಂದು ಬಗೆಯ ಹಸಿವಿನಂಥ ಹಟ ಎದ್ದು ಬಂತು. ಮೈದಾನದಲ್ಲಿ ಒಂದು ಗೋಲು ಹಿಂದಿದ್ದಾಗ ಬರುತ್ತಿದ್ದಂಥದ್ದು.

“ಬೇಡ ಸರ್,” ಎಂದಳು. “ಒಂದು ಬಿಳಿ ಹಾಳೆ ಕೊಡಿ.”

“ಯೋಚನೆ ಮಾಡಿ ಮೇಡಂ.”

“ಮಾಡಿದ್ದಾಯ್ತು. ತುಂಬ ವರ್ಷ ಮಾಡಿದ್ದೀನಿ.”

ಅವರು ನಿಟ್ಟುಸಿರು ಬಿಟ್ಟು ಹಾಳೆ ಕೊಟ್ಟರು, ಪೆನ್ನನ್ನೂ ಕೊಟ್ಟರು. ಅವರ ಮೇಜಿನ ಮೂಲೆಯಲ್ಲೇ ಕೂತು ಅವಳು ಬರೆದಳು. ಮೊದಲು ‘ಚೆಂಡು ಕಾಲಿಗೆ ತಾಗಿ ಬಲೆ ಸೇರಿತು’ ಎಂದು ಬಂತು. ಓದಿ ನೋಡಿದಳು. ಚೆಂಡೇ ಎಲ್ಲ ಮಾಡಿದಂತೆ, ಕಾಲು ಸುಮ್ಮನೆ ಅಲ್ಲಿ ನಿಂತಿದ್ದಂತೆ. ಹೊಡೆದುಹಾಕಿ ‘ನಾನು ಹೊಡೆದೆ’ ಎಂದು ಬರೆದಳು. ಅಂಗಿ ಬದಲಿಸಿಕೊಳ್ಳೋಣ ಎಂದು ಹೇಳಿದ್ದು ತಾನೇ ಎಂದೂ ಬರೆದಳು. ಸಹಿ ಮಾಡುವಾಗ ಬೆರಳುಗಳು ತಡೆದವು. ತಡೆದದ್ದಕ್ಕೆ ಅವಳಿಗೆ ಸಮಾಧಾನವೇ ಆಯಿತು. ಕಾರ್ಯದರ್ಶಿ ಎರಡು ಸಲ ಓದಿ, ಮೊಹರು ಒತ್ತಿ, “ಕೋಟು ನಾಳೆ ಕಳಿಸಿಕೊಡಿ. ಹೊಸ ಮ್ಯಾನೇಜರಿಗೆ ಸರಿಹೋಗುತ್ತೋ ನೋಡ್ಬೇಕು,” ಎಂದರು. ಆಡಿದ ಮೇಲೆ ಆ ಮಾತು ಅವರಿಗೇ ಒರಟೆನಿಸಿತೋ ಏನೋ, ಬಿಸ್ಕತ್ತಿನ ತಟ್ಟೆಯನ್ನು ಅವಳ ಕಡೆ ನೂಕಿದರು. ಅವಳು ಒಂದು ತೆಗೆದುಕೊಂಡಳು. ಎರಡೂಮುಕ್ಕಾಲಿಗೆ ಹದಿನೇಳನೆಯ ಪುಟ ತಿದ್ದಿ ಪ್ರೆಸ್ಸಿಗೆ ಕಳಿಸಿ ಆಯಿತು. ಅಲ್ಲಿಂದ ಫೋನ್ ಮಾಡಿದ ಹುಡುಗಿ, “ಹೊಸ ಹೆಸರು ಹಳೇದಕ್ಕಿಂತ ಎರಡಕ್ಷರ ಜಾಸ್ತಿ ಮೇಡಂ, ಚೌಕಟ್ಟಿನಲ್ಲಿ ಹಿಡಿಯಲ್ಲ,” ಎಂದು ತಕರಾರು ತೆಗೆದಳು. “ಅಕ್ಷರ ಚಿಕ್ಕದು ಮಾಡಿ ಹಿಡಿಸಮ್ಮ. ಅದು ಅಲ್ಲೇ ಇರ್ಬೇಕು,” ಎಂದಳು.

ಕಚೇರಿಯ ಹಿಂದೆಯೇ ಅಭ್ಯಾಸದ ಮೈದಾನ. ನಾಲ್ಕು ಗಂಟೆಯ ಬಿಸಿಲಿನಲ್ಲಿ ಹುಡುಗಿಯರು ಬಸ್ಕಿ ಹೊಡೆಯುತ್ತಿದ್ದರು. ಬೇರೆಯವರ ಬಾಯಿಂದ ಅವರಿಗೆ ತಿಳಿಯುವುದು ಬೇಡ ಎಂದು ಅವಳು ನಿಶ್ಚಯಿಸಿದ್ದಳು. ಕೋಚಮ್ಮನಿಗೆ ಎರಡು ಮಾತಿನಲ್ಲಿ ಹೇಳಿದಾಗ ಆಕೆ ಅವಳ ಮುಖವನ್ನೇ ನೋಡಿ, ಸೀಟಿ ಊದಿ, ಎಲ್ಲರನ್ನೂ ಕರೆದು ಹುಲ್ಲಿನ ಮೇಲೆ ಕೂರಿಸಿದರು. ಇಪ್ಪತ್ತಮೂರು ಬೆವರಿದ ಮುಖಗಳು. ಕುಳ್ಳಿ ನಿಂತೇ ಹೇಳಿದಳು. ತಾನು ಬರುತ್ತಿಲ್ಲ ಎನ್ನುವುದನ್ನು ಮೊದಲು, ಯಾಕೆ ಎನ್ನುವುದನ್ನು ಆಮೇಲೆ. ಕಣ್ಣೀರು ಬಂದರೆ ಮಕ್ಕಳು ಅದಕ್ಕೇ ಕರಗಿ ಉಳಿದದ್ದನ್ನು ಕೇಳಿಸಿಕೊಳ್ಳುವುದಿಲ್ಲ ಎಂದು ಹಲ್ಲು ಕಚ್ಚಿ ನಿಂತಳು. ಅವಳು ಮುಗಿಸಿದಾಗ ಯಾರೂ ಓಡಿ ಬಂದು ತಬ್ಬಿಕೊಳ್ಳಲಿಲ್ಲ. ಐದೂವರೆ ಅಡಿಯ ಗೋಲ್‌ಕೀಪರ್ ಹುಲ್ಲು ಕಿತ್ತು ಕಿತ್ತು ಒಂದು ಕಡೆ ಗುಡ್ಡೆ ಹಾಕುತ್ತಿದ್ದವಳು ತಲೆಯೆತ್ತದೆ ಕೇಳಿದಳು:

“ಮತ್ತೆ ಅಷ್ಟು ವರ್ಷ ಯಾಕಕ್ಕಾ ಹೇಳ್ಲಿಲ್ಲ?”

“ಮೊದ್ಲು ಹೆದರಿಕೆ. ಆಮೇಲೆ ಹೇಳದೇ ಇದ್ದಿದ್ರಿಂದ ನಂಗೆ ಅನುಕೂಲ ಆಯ್ತು. ಅದಕ್ಕೆ.”

“ಅವರು ಆಮೇಲೆ ಆಡ್ಲೇ ಇಲ್ವಾ? ನಾಲ್ಕನೇ ನಂಬರಿನವ್ರು?”

“ಇಲ್ಲ.”

ಹುಡುಗಿ ಎದ್ದು ಗ್ಲೌಸು ಹಾಕಿಕೊಂಡು ಗೋಲಿನ ಕಡೆ ಹೊರಟುಹೋದಳು. ಅವಳ ಹಿಂದೆ ನಾಲ್ಕಾರು ಜನ ಎದ್ದರು. ಇದಕ್ಕೂ ತಾನು ತಯಾರಾಗಿಯೇ ಬಂದಿದ್ದೇನೆ ಎಂದು ಕುಳ್ಳಿ ತನಗೆ ತಾನೇ ಹೇಳಿಕೊಂಡಳು, ಆದರೆ ತಯಾರಾಗಿರಲಿಲ್ಲ. ಹೊರಡಲು ತಿರುಗಿದಳು. ಆಗ ಪಕ್ಕದಲ್ಲಿ ಯಾರೋ ಅವಳ ತೋಳು ಜಗ್ಗಿದರು. ತಂಡದ ಲೆಫ್ಟ್ ಬ್ಯಾಕು, ಕಪ್ಪಗೆ ಕಡ್ಡಿಯಂಥ ಹುಡುಗಿ, ಮಾತು ಕಮ್ಮಿ. ಎಲ್ಲರೂ ಮೂಕಿ ಎಂದು ರೇಗಿಸುತ್ತಿದ್ದರು.

“ಬಾಲ್ ಯಾವ ಕಡೆಯಿಂದ ಬಂತಕ್ಕಾ?” ಎಂದು ಕೇಳಿದಳು ಮೂಕಿ.

“ಏನು?”

“ಆ ಬಾಲು. ಯಾವ ಕಡೆಯಿಂದ ಬಂತು?”

ಇದನ್ನು ಯಾರೂ ಎಂದೂ ಕೇಳಿರಲಿಲ್ಲ. ಏಣಿ ಕೂಡ. ನೆನಪು ಎಂದಿನ ಹಾಗೆ ಪಕ್ಕಕ್ಕೆ ಸರಿಯಲು ಹೊರಟಿತು, ಕುಳ್ಳಿ ಬಿಡಲಿಲ್ಲ. ಹುಡುಗಿಯ ಕೈ ಹಿಡಿದುಕೊಂಡು ಗೋಲಿನ ಹತ್ತಿರ ನಡೆದಳು. ಗೋಲ್‌ಕೀಪರ್ ಮುಖ ಆ ಕಡೆ ತಿರುಗಿಸಿಕೊಂಡಿದ್ದರೂ ಜಾಗ ಬಿಟ್ಟು ಸರಿದು ನಿಂತಳು.

“ನಮ್ಮ ಬಲಗಡೆ ಮೂಲೆಯಿಂದ ಗೋಲಿಗೆ ಅಡ್ಡಲಾಗಿ ಕ್ರಾಸು,” ಎಂದಳು ಕುಳ್ಳಿ. “ಕೀಪರ್ ಕೈ ದಾಟಿ, ಏಣಿ ತಲೆ ದಾಟಿ ಬಂತು. ನಾನು ಅಲ್ಲಿಂದ ಓಡಿ ಬರ್ತಿದ್ದೆ. ಮುಖ ನಮ್ಮ ಗೋಲ್ ಕಡೆಗೇ. ಹೀಗೆ. ಹಿಂದೆ ಅವರ ಹುಡುಗಿಯ ಹೆಜ್ಜೆ ಕೇಳಿಸ್ತಿತ್ತು. ಬಾಲು ಮೊಣಕಾಲಿನ ಎತ್ತರ ಇತ್ತು.” ಅವಳು ಚಪ್ಪಲಿ ಬಿಚ್ಚಿ, ಕಂಬದಿಂದ ನಾಲ್ಕು ಹೆಜ್ಜೆ ಈಚೆ ನಿಂತು, ಓಡುತ್ತ ಬಂದವಳಂತೆ ಮೈ ವಾಲಿಸಿ, ಬಲಗಾಲು ಎತ್ತಿದಳು. ಕಾಲು ಗಾಳಿಯಲ್ಲಿ ನಿಂತಿತು. ಹುಲ್ಲಿನ ಬಿಸಿ ಎಡ ಅಂಗಾಲಿಗೆ ತಾಗುತ್ತಿತ್ತು. ಅಷ್ಟೂ ನೆನಪಾಯಿತು.

ಮೂಕಿ ಆ ಎತ್ತಿದ ಕಾಲನ್ನು ನೋಡಿದಳು, ಕಂಬವನ್ನು ನೋಡಿದಳು, ಬಲ ಮೂಲೆಯನ್ನು ನೋಡಿದಳು. ಹುಬ್ಬು ಗಂಟಿಕ್ಕಿ ಲೆಕ್ಕ ಹಾಕಿದಳು.

“ಬಲಗಾಲಲ್ಲಿ ತಗೊಂಡ್ರಾ?”

“ಹೂಂ.”

“ಎಡಗಾಲಲ್ಲಿ ತಗೋಬೇಕಿತ್ತು ಅಕ್ಕ,” ಎಂದಳು ಮೂಕಿ. “ಕಂಬದಿಂದ ಆಚೆ ಹೋಗ್ತಿತ್ತು. ಗೋಲಾಗ್ತಿರ್ಲಿಲ್ಲ, ಬರೀ ಕಾರ್ನರ್ ಕಿಕ್ ಆಗ್ತಿತ್ತು.”

ಹೇಳುವಾಗ ಹುಡುಗಿಯ ದನಿಯಲ್ಲಿ ಕನಿಕರವಿರಲಿಲ್ಲ, ಕ್ಷಮೆಯಿರಲಿಲ್ಲ, ತಿರಸ್ಕಾರವೂ ಇರಲಿಲ್ಲ. ತನ್ನ ಜಾಗದಲ್ಲಿ ಆಡುವ ಇನ್ನೊಬ್ಬಳ ತಪ್ಪನ್ನು ಕಂಡು ಹೇಳಿದ್ದಳು, ಅಷ್ಟೆ. ಇಪ್ಪತ್ತೆರಡು ವರ್ಷದಲ್ಲಿ ಆ ಗೋಲಿಗಾಗಿ ಕುಳ್ಳಿಯನ್ನು ಯಾರೂ ಬೈದಿರಲಿಲ್ಲ, ಯಾರೂ ತಿದ್ದಿರಲಿಲ್ಲ. ಅವಳ ಪಾಲಿಗೆ ಬರಬೇಕಾದ ಬೈಗುಳವನ್ನೆಲ್ಲ ಏಣಿಯೇ ತಿಂದಿದ್ದಳು. ಕುಳ್ಳಿ ಕಾಲು ಕೆಳಗಿಳಿಸಿದಳು. ಹುಡುಗಿಗೆ ಕೇಳುವಷ್ಟು, ಆ ಕಡೆ ಮುಖ ಮಾಡಿ ನಿಂತ ಗೋಲ್‌ಕೀಪರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

“ಹೌದು. ಎಡಗಾಲಲ್ಲಿ ತಗೋಬೇಕಿತ್ತು ನಾನು.”